ಕಿತ್ತಳೆ ಬಲೆ ಕಂಡರೆ ನಿಲ್ಲಿಸಿ

ಆ ಗಾಜಿನ ತೊಟ್ಟಿಯಲ್ಲಿ ಮೀನಿಲ್ಲ, ನೀಲಿ ಕಲ್ಲುಗಳಿವೆ, ಗುಳುಗುಳು ಅನ್ನುವ ಕೊಳವೆಯಿದೆ, ಪ್ಲಾಸ್ಟಿಕ್ ಗಿಡವೊಂದು ಎಲ್ಲದಕ್ಕೂ ಹೌದು ಹೌದು ಅಂತ ತಲೆಯಾಡಿಸುತ್ತಿದೆ, ಮೀನು ಮಾತ್ರ ಇಲ್ಲ — ಸತ್ತಿತೋ, ತರುವುದನ್ನೇ ಮರೆತರೋ, ಕೌಂಟರಿನ ಹುಡುಗಿಯನ್ನು ಕೇಳಿದರೆ ಅವಳು ಕತ್ತೆತ್ತಿ ನೋಡಿ ಅಯ್ಯೋ ಹೌದಲ್ವಾ ಅಂದಳು, ದಿನವಿಡೀ ಅದರ ಪಕ್ಕದಲ್ಲೇ ಕೂರುವವಳು, ಮಕ್ಕಳ ಡಾಕ್ಟರ ಬಾಗಿಲಲ್ಲಿ ಅಳು ಕೇಳಿ ಕೇಳಿ ಕಣ್ಣೂ ಕಿವುಡಾಗಿರಬೇಕು, ಸಿಟ್ಟು ಬಂತು, ಈಗೀಗ ನನಗೆ ಯಾವುದಕ್ಕೆ ಬೇಕಾದರೂ ಸಿಟ್ಟು ಬರುತ್ತದೆ, ಮೀನಿಲ್ಲದ ತೊಟ್ಟಿಗೂ, ಗೋಡೆಯ ಮೇಲೆ ನಗುತ್ತಿರುವ ಆ ಆನೆಮರಿಗೂ, ಮೂರು ಕುರ್ಚಿ ಆಚೆ ಕೂತಿರುವ ಮಗಳಿಗೂ. ನಡುವಿನ ಕುರ್ಚಿಗಳ ಮೇಲೆ ಅವಳು ಚೀಲ ಇಟ್ಟಿದ್ದಾಳೆ, ಹಾಲಿನ ಬಾಟಲಿ ಇಟ್ಟಿದ್ದಾಳೆ, ಕೊಡೆ ಇಟ್ಟಿದ್ದಾಳೆ, ಹೊರಗೆ ಮಳೆಯ ಸುಳಿವೂ ಇಲ್ಲ, ಕೊಡೆ ತಂದಿರುವುದು ನನ್ನಿಂದ ಕಾಪಾಡಿಕೊಳ್ಳಲಿಕ್ಕೆ. ಅವಳ ಹೆಗಲ ಮೇಲೆ ಮೊಮ್ಮಗಳು ಪುಟ್ಟಿ ನಿದ್ದೆ ಹೋಗಿದ್ದಾಳೆ, ಬಾಯಿ ಅರ್ಧ ತೆರೆದು, ಮೊಣಕೈಯ ಮಡಿಕೆಯಲ್ಲಿ ಹತ್ತಿ, ಹತ್ತಿಯ ಮೇಲೆ ಅಂಟುಪಟ್ಟಿ, ಬೆಳಿಗ್ಗೆ ರಕ್ತ ತೆಗೆಯುವಾಗ ಅವಳು ಬೇಡ ಬೇಡ ಬೇಡ ಅಂದಳು, ಅವಳಿಗೆ ಬರುವ ನಾಲ್ಕೈದು ಮಾತುಗಳಲ್ಲಿ ಅದೇ ಸ್ಪಷ್ಟ. ಈಗ ಒಳಗಿನಿಂದ ಒಂದು ಸಂಖ್ಯೆ ಬರಬೇಕು. ತಿಂಗಳ ಹಿಂದೆ ಒಂದು ಬಂದಿತ್ತು, ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ ಅಂತ, ಡಾಕ್ಟರು ಅದನ್ನು ಬಾಯಿಬಿಟ್ಟು ಹೇಳದೆ ಕಾಗದ ತಿರುಗಿಸಿ ತೋರಿಸಿದ್ದರು, ಮಾತು ತಡವಾಗಬಹುದು, ಕಲಿಯೋದು ತಡವಾಗಬಹುದು, ಆಗದೆಯೂ ಇರಬಹುದು, ಮೊದಲು ಅದು ಒಳಗೆ ಹೋಗೋ ದಾರಿ ತಪ್ಪಿಸಿ, ತಾನೇ ಇಳಿಯುತ್ತೆ, ಅಂದಿದ್ದರು. ಇಳಿಯಬೇಕು. ಇಳಿದಿದೆ ಅಂದರೆ ಸಾಕು, ಆಮೇಲೆ ಮಗಳು ಹತ್ತು ಕೊಡೆ ಇಟ್ಟುಕೊಳ್ಳಲಿ. ಸೀಸ — ನಾವು ಚಿಕ್ಕವರಿದ್ದಾಗ ಪೆನ್ಸಿಲ್ಲಿಗೆ ಸೀಸದಕಡ್ಡಿ ಅನ್ನುತ್ತಿದ್ದೆವು, ಕಚ್ಚಿಕೊಂಡೇ ಮಗ್ಗಿ ಕಲಿತೆವು, ಅದರಲ್ಲಿ ಸೀಸವೇ ಇರಲಿಲ್ಲವಂತೆ, ಹೆಸರಿದ್ದಲ್ಲಿ ಸೀಸ ಇರಲಿಲ್ಲ, ಸೀಸ ಇದ್ದಲ್ಲಿ ಹೆಸರಿಲ್ಲ, ಆ ಹೆಸರು ಅಳಿಸಿದವರು ಯಾರು ಅಂತ ನನಗೆ ಚೆನ್ನಾಗಿ ಗೊತ್ತು.

ನ್ಯಾಯಾಲಯದಲ್ಲಿ ಸ್ಟೆನೋ ಆಗಿ ಇಡೀ ನೌಕರಿ ಕಳೆದವಳು ನಾನು, ಇನ್ನೊಬ್ಬರ ಸುಳ್ಳನ್ನು ಒಂದಕ್ಷರ ತಪ್ಪದೆ ಬರೆದುಕೊಂಡವಳು, ಸಾಕ್ಷಿಕಟ್ಟೆಯಲ್ಲಿ ಯಾರಾದರೂ ಗಂಟಲು ಸರಿಮಾಡಿಕೊಂಡರೆ ಇನ್ನು ಸುಳ್ಳು ಬರುತ್ತದೆ ಅಂತ ಬೆರಳಿಗೆ ಮೊದಲೇ ತಿಳಿಯುತ್ತಿತ್ತು, ಆದರೆ ಬಾಯಿ ಬಿಡುವ ಹಾಗಿರಲಿಲ್ಲ, ಬೆರಳಿಗೆ ಸಂಬಳ, ಬಾಯಿಗಲ್ಲ. ನಿವೃತ್ತಿಯಾದ ಮೇಲೆ ಬಂದ ದುಡ್ಡಲ್ಲಿ ಈ ಬಡಾವಣೆಯಲ್ಲಿ ಕೆಳಗೊಂದು ಮೇಲೊಂದು ಕೋಣೆಗಳ ಸಣ್ಣ ಮನೆ ಕೊಂಡೆ, ಸಂಘದ ಮೊದಲ ಸಭೆಗೆ ಹೋದೆ, ಅಧ್ಯಕ್ಷರು ಮಣ್ಣಿನ ಉಸ್ತುವಾರಿಗೆ ಒಬ್ಬರು ಬೇಕು ಯಾರಾದರೂ ಮುಂದೆ ಬನ್ನಿ ಅಂತ ಕೇಳುವ ಹೊತ್ತಿಗೆ ಸರಿಯಾಗಿ ನಾನು ಕೈ ಎತ್ತಿದೆ, ಎತ್ತಿದ್ದು ಆ ಫ್ಯಾನು ಸ್ವಲ್ಪ ಕಡಿಮೆ ಮಾಡಿ ಅನ್ನಲಿಕ್ಕೆ, ಅಷ್ಟರಲ್ಲಿ ಚಪ್ಪಾಳೆ ಬಿದ್ದುಹೋಯಿತು. ಫ್ಯಾನು ಹಾಗೇ ತಿರುಗುತ್ತಿತ್ತು. ಅವತ್ತಿನಿಂದ ನಾನು ಮಣ್ಣಮ್ಮ. ಮಣ್ಣಮ್ಮ ಬಂದ್ರು, ಗುದ್ದಲಿ ಒಳಗಿಡ್ರೋ — ಇದು ಬೀದಿಯ ನಗೆಚಾಟಿಕೆ, ನಾನೂ ನಗುತ್ತಿದ್ದೆ, ನಕ್ಕದ್ದಕ್ಕೂ ಈಗ ಸಿಟ್ಟು ಬರುತ್ತದೆ. ಆ ಜಾಗದಲ್ಲಿ ಹಿಂದೆ ಬ್ಯಾಟರಿ ಕಾರ್ಖಾನೆಯಿತ್ತು, ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸಿ ಮಿಕ್ಕಿದ್ದನ್ನು ಹಿತ್ತಲಿಗೆ ಸುರಿಯುತ್ತಿದ್ದರು, ಅವರ ಹಿತ್ತಲು ಅಂದರೆ ಇವತ್ತಿನ ನಮ್ಮ ಹಿತ್ತಲು. ಕಾರ್ಖಾನೆ ಮುಚ್ಚಿತು, ಮಾಲೀಕರು ಗಾಳಿಯಲ್ಲಿ ಕರಗಿದರು, ಒಂದಿಷ್ಟು ಮಣ್ಣು ಲಾರಿ ಹತ್ತಿ ಹೋಯಿತು, ಎಲ್ಲ ಸಾಗಿಸಲು ಆಗುವುದಿಲ್ಲ ಅಂತ ಉಳಿದದ್ದನ್ನು ಇದ್ದಲ್ಲೇ ಬಿಟ್ಟು ಅದರ ಮೇಲೆ ಬಲೆ ಹಾಸಿದರು, ದಪ್ಪ ಪ್ಲಾಸ್ಟಿಕ್ಕಿನ ಬಲೆ, ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ್ದು, ಬಲೆಯ ಮೇಲೆ ಹೊರಗಿನಿಂದ ತಂದ ಒಳ್ಳೆ ಮಣ್ಣು, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ನಾವು. ಆ ಬಲೆ ಯಾವುದನ್ನೂ ತಡೆಯುವುದಿಲ್ಲ, ತಡೆಯಲಿಕ್ಕೆ ಹಾಕಿದ್ದೂ ಅಲ್ಲ, ಎಂದಾದರೂ ಯಾರಾದರೂ ಅಗೆದರೆ ಗುದ್ದಲಿಗೆ ಸಿಕ್ಕಿಕೊಂಡು ಕೂಗಿ ಹೇಳಬೇಕು, ಇಲ್ಲಿಂದ ಕೆಳಗೆ ವಿಷ, ಮುಚ್ಚಿ ಮನೆಗೆ ಹೋಗಿ ಅಂತ, ಅಷ್ಟೇ ಅದರ ಕೆಲಸ. ಜೊತೆಗೆ ನಿಯಮಗಳು: ಮೊಳದುದ್ದಕ್ಕಿಂತ ಆಳ ಅಗೆಯಬಾರದು, ಬಾವಿ ತೋಡಬಾರದು, ತಿನ್ನುವಂಥದ್ದನ್ನು ನೆಲದಲ್ಲಿ ಬೆಳೆಯಬಾರದು ಕುಂಡದಲ್ಲಿ ಬೆಳೆಯಬಹುದು, ನೆಲಮಾಳಿಗೆ ಕೂಡದು. ಒಬ್ಬರು ಹಳೇ ಸ್ನಾನದ ತೊಟ್ಟಿಯಲ್ಲಿ ಬದನೆಕಾಯಿ ಬೆಳೆದು ನನ್ನನ್ನು ಕರೆದು ತೋರಿಸಿದರು, ಮೇಡಂ ನೋಡಿ, ಕಾನೂನುಬದ್ಧ ಬದನೆಕಾಯಿ. ಇನ್ನೊಬ್ಬರು ಬೆಳಿಗ್ಗೆ ಬೆಳಿಗ್ಗೆ ಬಾಗಿಲು ತಟ್ಟಿ, ನಾಯಿ ಹೋಗಿಬಿಡ್ತು ಮೇಡಂ, ಹಿತ್ತಲಲ್ಲಿ ಹೂಳಬಹುದಾ, ಅಂದರು, ಎಷ್ಟು ದೊಡ್ಡ ನಾಯಿ ಅಂತ ನಾನು ಕೇಳಿದೆ, ಅವರು ಅಳುತ್ತಲೇ ಕೈ ಅಗಲಿಸಿ ತೋರಿಸಿದರು, ಎಂಥ ಕೆಲಸ, ಎಂಥ ಪ್ರಶ್ನೆ, ಬಂದವರ ದುಃಖವನ್ನೂ ಮೊಳ ಹಾಕಿ ಅಳೆಯಬೇಕು.

ಆದರೂ ಮಾಡುತ್ತಿದ್ದೆ, ಏಕೆಂದರೆ ಬೋರ್ಡಿತ್ತು. ಗೇಟಿನ ಪಕ್ಕದಲ್ಲಿ ಮಾಲಿನ್ಯ ನಿಯಂತ್ರಣದ ಕಚೇರಿಯವರೇ ನಿಲ್ಲಿಸಿದ ಬೋರ್ಡು, ಚೆಂದವಿರಲಿಲ್ಲ, ಆದರೆ ಹೇಳಬೇಕಾದ್ದನ್ನು ಹೇಳುತ್ತಿತ್ತು, ಕಿತ್ತಳೆ ಬಲೆಯ ಕೆಳಗಿನ ಮಣ್ಣಿನಲ್ಲಿ ಸೀಸವಿದೆ, ಬಲೆ ಕಂಡರೆ ನಿಲ್ಲಿಸಿ, ಮುಚ್ಚಿ, ತಿಳಿಸಿ. ಅಧ್ಯಕ್ಷರಿಗೆ ಅದು ಕಣ್ಣಿನ ಕಸ. ಅವರ ಕಸುಬು ಮನೆ ಮಾರಿಸುವುದು, ಬಡಾವಣೆಯ ಅರ್ಧ ಮನೆಗಳು ಅವರ ಕೈಯಿಂದಲೇ ಕೈ ಬದಲಾಯಿಸಿದವು, ಮೇಡಂ, ಸುಳ್ಳು ಹೇಳೋಣ ಅಂತ ನಾನು ಹೇಳ್ತಿಲ್ಲ, ಅಂತ ಸಭೆಯಲ್ಲಿ ಗಂಟಲು ಸರಿಮಾಡಿಕೊಂಡು ಶುರುಮಾಡಿದರು, ನನ್ನ ಬೆರಳು ಮಡಿಲಲ್ಲೇ ಎಚ್ಚೆತ್ತವು, ಸುಳ್ಳು ಬೇಡ, ಆದ್ರೆ ಸೀಸ ಅನ್ನೋದನ್ನ ಗೇಟಲ್ಲೇ ಯಾಕೆ ಕಿರುಚಬೇಕು, ಒಳಗೆ ಬಂದ ಮೇಲೆ ನಿಧಾನವಾಗಿ ಹೇಳೋಣ. ಮೊನ್ನೆ ನಮ್ಮನೆ ನೋಡಕ್ಕೆ ಬಂದವರು ಬೋರ್ಡ್ ಓದಿ ಕಾರಿಂದ ಕೆಳಗೇ ಇಳೀಲಿಲ್ಲ, ಅಂತ ಮೂಲೆಮನೆಯಾಕೆ. ಹಾಗಾದರೆ ಏನಂತ ಬರೀತೀರಿ, ನಾನು ಕೇಳಿದೆ. ಹಿಂದಿನ ಬಳಕೆಯ ಅಂಶಗಳಿವೆ ಅಂತ ಬರೆಯೋಣ, ಅಂದರು ಅಧ್ಯಕ್ಷರು, ಅಬ್ಬ, ಯಾವ ವಕೀಲನಿಗೂ ಹೊಳೆಯದ ಮಾತು, ಹಿಂದಿನ ಬಳಕೆಯ ಅಂಶಗಳು, ಹಳೇ ಮನೆಯಲ್ಲಿ ಯಾರೋ ಬಿಟ್ಟುಹೋದ ಬಟ್ಟೆ ಹ್ಯಾಂಗರಿನ ಹಾಗೆ. ಕೈ ಎತ್ತಿ ಮತ ಹಾಕಿದರು, ಬೇಡ ಅಂದವಳು ನಾನೊಬ್ಬಳೇ, ಈ ಸಲ ನನ್ನ ಕೈ ಯಾರಿಗೂ ಕಾಣಲಿಲ್ಲ. ಮುಂದಿನ ವರ್ಷ ಆ ಅಂಶಗಳೂ ಹೋದವು. ಅದರ ಮುಂದೆ ಬೋರ್ಡಿಗೆ ಹೊಸ ಬಣ್ಣ, ನಮ್ಮ ಬಡಾವಣೆ ನಮ್ಮ ಹೆಮ್ಮೆ, ಎರಡು ಸೂರ್ಯಕಾಂತಿ ಹೂವು, ಹೂವಿಗೆ ಜಾಗ ಬೇಕಲ್ಲ ಮೇಡಂ ಅಂತ ಮುಚ್ಚಿ ಅನ್ನುವುದು ಹೋಯಿತು, ತಿಳಿಸಿ ಅನ್ನುವುದೂ ಹೋಯಿತು, ಕೊನೆಗೆ ಉಳಿದದ್ದು ಒಂದೇ ಸಾಲು, ಕಿತ್ತಳೆ ಬಲೆ ಕಂಡರೆ ನಿಲ್ಲಿಸಿ. ಅಂಚೆಯವನು ಅದನ್ನು ಓದಿ ಗಾಡಿ ನಿಲ್ಲಿಸಿ, ಎಲ್ಲಿ ಬಲೆ, ಅಂತ ಸುತ್ತಲೂ ನೋಡಿದನಂತೆ. ಅದಕ್ಕೂ ನಕ್ಕೆವು. ತಪಾಸಣೆಗೆ ಬಂದ ಕಚೇರಿಯ ಹುಡುಗಿಗೆ ನಾನೇ ಹೇಳಿದೆ, ನೋಡಮ್ಮ, ಬೋರ್ಡನ್ನ ಕತ್ತರಿಸಿ ಕತ್ತರಿಸಿ ಇಷ್ಟು ಮಾಡಿಟ್ಟಿದ್ದಾರೆ, ಅಂತ, ಅವಳು ಫೋಟೋ ತೆಗೆದುಕೊಂಡು, ಬೋರ್ಡ್ ಇದೆ ಅಲ್ವಾ ಮೇಡಂ, ಇರಬೇಕು ಅಂತಷ್ಟೇ ನಿಯಮ, ಅಂದು ಛತ್ರಿಯಂಥ ಟೋಪಿ ಸರಿಮಾಡಿಕೊಂಡು ಹೋದಳು, ನಾನು ಮತ್ತೆ ಮೇಲಿನವರಿಗೆ ಫೋನು ಮಾಡಿದೆ, ಅವರು ಸಂಘಕ್ಕೆ ಹೇಳಿ ಅಂದರು, ಸಂಘ ಅಂದರೆ ಅಧ್ಯಕ್ಷರು, ಅಧ್ಯಕ್ಷರು ಅಂದರೆ ಸೂರ್ಯಕಾಂತಿ.

ಅಲ್ಲಿ ಬಾಗಿಲ ಹತ್ತಿರ ಉಗುರು ಕಚ್ಚುತ್ತ ನಿಂತಿದ್ದಾನೆ ಅಳಿಯ. ಕೂರು ಅಂದರೂ ಕೂರುವುದಿಲ್ಲ, ಕೂರಲು ತನಗೆ ಹಕ್ಕಿಲ್ಲ ಅನ್ನುವವನ ಹಾಗೆ ನಿಂತಿದ್ದಾನೆ. ಒಳ್ಳೆಯವನು, ಅದೇ ಕಷ್ಟ, ಕೆಟ್ಟವನಾಗಿದ್ದರೆ ಮನಸಾರೆ ಬೈಯಬಹುದಿತ್ತು. ಲಿಫ್ಟ್ ರಿಪೇರಿಯವನು, ಏನನ್ನೂ ಎಸೆಯುವವನಲ್ಲ, ಮುರಿದ ಛತ್ರಿಯ ಕಡ್ಡಿಯಲ್ಲಿ ಟವೆಲು ಒಣಹಾಕುವ ಸಾಧನ ಮಾಡುತ್ತಾನೆ, ಸುಟ್ಟ ಇಸ್ತ್ರಿಪೆಟ್ಟಿಗೆಯನ್ನು ಬಾಗಿಲಿಗೆ ಆನಿಸುತ್ತಾನೆ, ಏನು ಹೇಳಿದರೂ ಆಯ್ತು ಅತ್ತೆ ಅನ್ನುತ್ತಾನೆ. ಪುಟ್ಟಿ ಹುಟ್ಟುವ ಹೊತ್ತಿಗೆ ಇಬ್ಬರೂ ನನ್ನ ಮನೆಯ ಮೇಲಿನ ಕೋಣೆಗೆ ಬಂದರು, ಬಂದ ದಿನವೇ ಹೇಳಿದೆ, ಹಿತ್ತಲಲ್ಲಿ ಅಗೀಬೇಡಪ್ಪ, ಬೋರ್ಡ್ ನೋಡಿದೀಯಲ್ಲ, ಆಯ್ತು ಅತ್ತೆ. ಅಷ್ಟು ಸಾಕಿತ್ತೇ, ಸಾಕು ಅನ್ನಿಸಿತ್ತು. ಆಮೇಲೆ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು, ಅವಳನ್ನು ನೋಡಿಕೊಳ್ಳಲು ಹೋದವಳು ಅಲ್ಲೇ ಉಳಿದೆ, ಅವಳು ಗೋಡೆ ಹಿಡಿದು ನಡೆಯುವವರೆಗೆ. ಫೋನಿನಲ್ಲಿ ಮಗಳು ನಗುತ್ತಿದ್ದಳು, ಬೇಗ ಬಾಮ್ಮ, ನಿಂಗೊಂದು ಸರ್‌ಪ್ರೈಸ್ ಇದೆ, ಏನೇ ಅದು, ಹೇಳಲ್ಲ ಹೋಗು. ಒಗೆಯುವ ಕಲ್ಲಿಗೊಂದು ನಲ್ಲಿ ಹಾಕಿಸಿರಬೇಕು ಅಂದುಕೊಂಡೆ, ಬಹಳ ದಿನದಿಂದ ಕೇಳುತ್ತಿದ್ದೆ. ಬಂದೆ, ಚೀಲ ಕೆಳಗಿಡಲೂ ಬಿಡಲಿಲ್ಲ, ಅಳಿಯ ಹಿಂದಿನಿಂದ ಬಂದು ಎರಡೂ ಅಂಗೈಯಲ್ಲಿ ನನ್ನ ಕಣ್ಣು ಮುಚ್ಚಿದ, ಅಂಗೈಯಲ್ಲಿ ಗ್ರೀಸಿನ ವಾಸನೆ, ಹುಷಾರು ಅತ್ತೆ, ಹೊಸಿಲು, ಈಗ ಒಂದು ಮೆಟ್ಟಿಲು, ಇನ್ನೊಂದು, ಮಗಳು ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದಾಳೆ, ನಾನು ನಗುತ್ತಿದ್ದೇನೆ, ಆ ವಿಡಿಯೋದಲ್ಲಿ ನಾನು ನಗುತ್ತಲೇ ಇದ್ದೇನೆ, ಬಿಡೋ ಬೀಳ್ತೀನಿ ಅನ್ನುತ್ತಿದ್ದೇನೆ, ಒಂದು ಎರಡು ಮೂರು ಅಂದು ಕೈ ತೆಗೆದ.

ಕಿತ್ತಳೆ. ಬಿಸಿಲಿಗೆ ಉರಿಯುವ ಕಿತ್ತಳೆ, ನಾಲ್ಕು ಗೂಟ, ಗೂಟಗಳ ಸುತ್ತ ಬಿಗಿಯಾಗಿ ಎಳೆದು ಕಟ್ಟಿದ ಬಲೆ, ಒಳಗೆ ಗುಂಡಿ, ಗುಂಡಿಯಲ್ಲಿ ಮರಳು, ಪಕ್ಕದಲ್ಲಿ ಅಗೆದ ಮಣ್ಣಿನ ಗುಡ್ಡೆ, ಗುಡ್ಡೆಯ ಮೇಲೆ ಪ್ಲಾಸ್ಟಿಕ್ ಬಕೆಟ್ಟು, ಮರಳಿನಲ್ಲಿ ನಿಂತು ಎದೆಯನ್ನು ಬಲೆಗೆ ಒತ್ತಿ ಪುಟ್ಟಿ, ಬಲೆಯ ಒಂದು ಕಣ್ಣಿನಲ್ಲಿ ಅವಳ ಬೆರಳು, ಕೊಕ್ಕೆಯ ಹಾಗೆ ಮಡಿಚಿ ಎಳೆಯುತ್ತಿದ್ದಾಳೆ, ಅಜ್ಜೀ ಬಾ. ಆ ಬೆರಳು. ಮಕ್ಕಳಾಟಕ್ಕೆ ಮರಳಿನ ಗುಂಡಿ ಅತ್ತೆ, ಸುತ್ತ ಬೇಲಿನೂ ಹಾಕ್ದೆ, ಹೊರಗೆ ಹೋಗ್ದೇ ಇರಲಿ ಅಂತ. ಈ ಬಲೆ ಎಲ್ಲಿಂದ ತಂದೆ. ತಂದಿದ್ದಲ್ಲ ಅತ್ತೆ, ಇಲ್ಲೇ ಸಿಕ್ತು ಕೆಳಗೆ, ಹೊಚ್ಚ ಹೊಸದರ ಥರ ಇದೆ ನೋಡಿ, ಅಂಗಡೀಲಿ ಕೇಳಿದ್ರೆ ಇಂಥ ಗಟ್ಟಿದು ಸಿಗಲ್ಲ. ಬೋರ್ಡ್ ನೋಡಿಲ್ವೇನೋ ನೀನು. ನೋಡಿದೀನಲ್ಲ ಅತ್ತೆ, ಅದಕ್ಕೇ ಬಲೆ ಕಂಡ ತಕ್ಷಣ ನಿಲ್ಲಿಸ್ದೆ, ಅಲ್ಲಿಂದ ಒಂದು ಇಂಚೂ ಕೆಳಗೆ ಹೋಗಿಲ್ಲ, ಬೇಕಾದ್ರೆ ಟೇಪ್ ಇಟ್ಟು ನೋಡಿ. ನಿಲ್ಲಿಸಿದ್ದ. ನಿಜವಾಗಿಯೂ ನಿಲ್ಲಿಸಿದ್ದ, ಬೋರ್ಡು ಹೇಳಿದ ಅಷ್ಟನ್ನೂ ಚಾಚೂ ತಪ್ಪದೆ ಮಾಡಿದ್ದ, ಗುಂಡಿ ಎಷ್ಟು ಆಳ ಇರಬೇಕು ಅನ್ನುವುದಕ್ಕೆ ಯಾರೋ ಪುಣ್ಯಾತ್ಮರು ಗುರುತು ಹಾಸಿಟ್ಟಿದ್ದಾರೆ ಅಂದುಕೊಂಡು ಅಲ್ಲಿಗೆ ಸರಿಯಾಗಿ ನಿಲ್ಲಿಸಿ, ಕೆಲಸ ಮುಗಿದ ಗುರುತನ್ನು ಹಾಳು ಮಾಡುವುದೇಕೆ ಅಂತ ಕಿತ್ತು ತೆಗೆದು, ವಿಷದ ಮಣ್ಣಿನ ಮೇಲೆ ಒಂದು ಬೊಗಸೆ ಮರಳು ಸುರಿದು, ಅದರಲ್ಲಿ ತನ್ನ ಮಗುವನ್ನು ಕೂರಿಸಿ, ಕೈಗೊಂದು ಚಮಚ ಕೊಟ್ಟಿದ್ದ. ನಾನು ಕೂಗಿದೆನಂತೆ. ವಿಡಿಯೋ ಅಲ್ಲಿಗೆ ನಿಲ್ಲುತ್ತದೆ. ಪುಟ್ಟಿಯನ್ನು ಎತ್ತಿಕೊಂಡಾಗ ಅವಳ ತುಟಿಯ ಸುತ್ತ ಬೂದು ಮೀಸೆ, ಬೆರಳಿನ ಉಗುರಲ್ಲಿ ಕಪ್ಪು ಗೆರೆ, ನಲ್ಲಿಯ ಕೆಳಗೆ ಹಿಡಿದು ಉಜ್ಜಿದೆ ಉಜ್ಜಿದೆ, ಬೇಡ ಬೇಡ ಅಂತ ಅತ್ತಳು, ಅವತ್ತೇ ಎತ್ತಿಕೊಂಡು ಇಲ್ಲಿಗೆ ಓಡಿ ಬಂದೆವು, ಇದೇ ಕುರ್ಚಿಗಳು, ಆಗಲೂ ತೊಟ್ಟಿಯಲ್ಲಿ ಮೀನು ಇರಲಿಲ್ಲವೇನೋ, ನಾನು ನೋಡಿರಲಿಲ್ಲ, ಬೆರಳನ್ನೇ ನೋಡುತ್ತಿದ್ದೆ.

ಮನೆಗೆ ಬಂದ ಮೇಲೆ ಮಗಳು ಹೇಳಿದ ಮಾತು, ಬೇರೆ ಯಾರಾದರೂ ಹೇಳಿದ್ದರೆ ಮೆಚ್ಚುತ್ತಿದ್ದೆ, ನೀನು ಬೇಡ ಅನ್ನೋದು ಒಂದಾ ಎರಡಾ ಅಮ್ಮ, ಒದ್ದೆ ಟವೆಲ್ ಕುರ್ಚಿ ಮೇಲೆ ಹಾಕ್ಬೇಡ, ಕತ್ತರಿ ಆಡಿಸ್ಬೇಡ, ಬಾಗಿಲು ದಡ್ ಅನ್ನಿಸ್ಬೇಡ, ಹಿತ್ತಲು ಅಗೀಬೇಡ, ಇದರಲ್ಲಿ ಸಾಯೋವಷ್ಟು ಬೇಡ ಯಾವುದು ಅಂತ ನಮಗೆ ಹೇಗೆ ಗೊತ್ತಾಗ್ಬೇಕು. ಮಾತು ಸರಿಯಾಗಿಯೇ ಇತ್ತು, ಅದಕ್ಕೇ ಸಿಟ್ಟನ್ನು ಬೇರೆಯವರ ಮೇಲೆ ಹಂಚುತ್ತಿದ್ದೇನೆ, ಹಂಚಿದಷ್ಟೂ ಹೆಚ್ಚುತ್ತದೆ. ಕಚೇರಿಯಿಂದ ಗುಂಡಿ ಮುಚ್ಚಲು ಬಂದರು, ಮೈಯೆಲ್ಲ ಬಿಳಿ ಬಟ್ಟೆ, ಕೈಗೆ ಎರಡೆರಡು ಗವಸು, ಬೂಟಿನ ಮೇಲೆ ಇನ್ನೊಂದು ಬೂಟು, ಮುಖಕ್ಕೆ ಹಂದಿಮೂತಿಯಂಥ ಮುಖವಾಡ, ಚಂದ್ರನ ಮೇಲೆ ಇಳಿಯುವವರ ಹಾಗೆ ನಮ್ಮ ಹಿತ್ತಲಿಗೆ ಇಳಿದರು, ಪುಟ್ಟಿ ಅಂಗಿಯಿಲ್ಲದೆ ಬರಿಗಾಲಲ್ಲಿ ಕೂತು ಚಮಚದಲ್ಲಿ ಕೆದಕುತ್ತಿದ್ದ ಜಾಗಕ್ಕೆ. ಜೊತೆಗೆ ಬಂದಿದ್ದ ಅದೇ ಟೋಪಿಯ ಹುಡುಗಿ, ಬಳಕೆದಾರರ ಲೋಪ ಅಂತ ಬರ್ಕೋತೀನಿ ಮೇಡಂ, ಬೇಜಾರ್ ಮಾಡ್ಕೋಬೇಡಿ, ಅಂದಳು. ಯಾರಮ್ಮ ಬಳಕೆದಾರರು. ಅಗೆದವರು ಮೇಡಂ. ಸುರಿದವರು? ಆ ಕಂಪನಿ ಈಗ ಇಲ್ಲ ಮೇಡಂ. ಅದು ಗೊತ್ತಿದ್ದೂ ಮನೆ ಕಟ್ಟಿ ಮಾರಿದವರು? ಅವರು ಎಲ್ಲಾ ನಿಬಂಧನೆ ಪಾಲಿಸಿದಾರೆ ಮೇಡಂ. ನೋಡು ತಪ್ಪು ಹೇಗೆ ಇಳಿಯಿತು, ಸುರಿದವನಿಂದ ಮುಚ್ಚಿದವನಿಗೆ, ಮುಚ್ಚಿದವನಿಂದ ಕಟ್ಟಿದವನಿಗೆ, ಕಟ್ಟಿದವನಿಂದ ಸಂಘಕ್ಕೆ, ಸಂಘದಿಂದ ಅಳಿಯನಿಗೆ, ಸಂಜೆಯ ಹೊತ್ತಿಗೆ ಇನ್ನೊಂದು ಮೆಟ್ಟಿಲು ಇಳಿದಿದ್ದರೆ ಕೈಯನ್ನು ಬಾಯಿಗೆ ಹಾಕಿಕೊಂಡ ಬಳಕೆದಾರಳ ಲೋಪ ಅಂತ ಬರೆದುಕೊಂಡು ಹೋಗುತ್ತಿದ್ದಳು. ಗುಂಡಿ ಮುಚ್ಚಿದರು, ಹೊಸ ಬಲೆ ಹಾಸಿದರು, ಹೊಸ ಮಣ್ಣು, ಹೊಸ ಹುಲ್ಲು, ಹಳೇ ಬಲೆ ಎಲ್ಲಿ ಅಂತ ಅವರು ಕೇಳಲಿಲ್ಲ, ಅವರು ಬರುವ ಮೊದಲೇ, ಆ ಬಲೆ ಮೊದಲು ಅಲ್ಲಿಂದ ತೆಗಿ ಅಂತ ನಾನು ಕೂಗಿದ್ದೆ, ತೆಗೆದೆ ಅತ್ತೆ ಅಂದಿದ್ದ. ಅವತ್ತಿನಿಂದ ಪುಟ್ಟಿ ಕೆಳಗೆ ಇಳಿದಿಲ್ಲ, ಮೇಲಿನ ಕೋಣೆಯೇ ಅವಳ ಪ್ರಪಂಚ, ಮಗಳು ದಿನಕ್ಕೆರಡು ಸಲ ನೆಲ ಒರೆಸುತ್ತಾಳೆ, ನನ್ನ ಮಂಡಿ ಆ ಮೆಟ್ಟಿಲು ಹತ್ತುವುದಿಲ್ಲ, ಹತ್ತಿದರೂ ಬಾ ಅನ್ನುವವರಿಲ್ಲ, ಕೆಳಗೆ ಕೂತು ತಲೆಯ ಮೇಲೆ ಓಡಾಡುವ ಪುಟ್ಟ ಹೆಜ್ಜೆ ಕೇಳುತ್ತೇನೆ, ದುಡುದುಡು, ಆಮೇಲೆ ನಿಶ್ಶಬ್ದ, ನಿಶ್ಶಬ್ದವಾದಾಗ ಎಲ್ಲಿ ನಿಂತಿರುತ್ತಾಳೋ ಅಂದುಕೊಳ್ಳುತ್ತೇನೆ, ಕಣ್ಣು ಮುಚ್ಚಿದರೆ ಮತ್ತೆ ಅದೇ, ಕಿತ್ತಳೆ ಕಣ್ಣೊಳಗಿಂದ ಕೊಕ್ಕೆಯಂಥ ಬೆರಳು.

ಫೋನು. ಅಧ್ಯಕ್ಷರು, ಬಿಡಲೇ, ಬಿಟ್ಟರೆ ಮತ್ತೆ ಮಾಡುತ್ತಾರೆ. ಮೇಡಂ, ಮಗು ಹೇಗಿದೆ, ಅಯ್ಯೋ ಪಾಪ, ಮನೇಲೆಲ್ಲ ಅದೇ ಮಾತು — ಗಂಟಲು ಸರಿಮಾಡಿಕೊಂಡರು, ಬಂತು — ಒಂದು ಸಣ್ಣ ವಿಷಯ ಮೇಡಂ, ನಾಳೆ ಕಚೇರಿಯವರು ಬರ್ತಾರಲ್ಲ, ಎಲ್ಲರ ಹಿತ್ತಲೂ ಅಗೆದು ನೋಡಬೇಕಾ ಅಂತ ಉಸ್ತುವಾರಿಯವರಾದ ನಿಮ್ಮನ್ನೇ ಕೇಳ್ತಾರೆ, ಇದು ನಿಮ್ಮನೆ ಒಂದರದ್ದೇ ಅಂತ ಹೇಳಿಬಿಟ್ರೆ ಎಲ್ಲರಿಗೂ ಒಳ್ಳೇದು, ನಿಮ್ಮ ಅಳಿಯನೇ ಅಲ್ವಾ ಅಗೆದಿದ್ದು, ಊರಿಗೆಲ್ಲ ಯಾಕೆ ಮೇಡಂ. ಇಷ್ಟು ವರ್ಷ ಬೆರಳಿನಲ್ಲಿ ಇಳಿಸಿಕೊಂಡದ್ದೆಲ್ಲ ಬಾಯಿಗೆ ಬಂತು. ಏನ್ರೀ ಅಂದ್ರಿ? ನನ್ನ ಅಳಿಯ ಅಗೆದ, ಹೌದು, ನಿಮ್ಮ ಬೋರ್ಡ್ ನಿಲ್ಲಿಸಿ ಅಂತು, ನಿಲ್ಲಿಸ್ದ, ಮುಂದೇನು ಮಾಡಬೇಕು ಅನ್ನೋ ಕಡೆ ನೀವು ಸೂರ್ಯಕಾಂತಿ ಬರೆಸಿದೀರಿ. ಮೇಡಂ ನೀವು ಟೆನ್ಷನ್ನಲ್ಲಿದೀರಿ. ಹೌದ್ರೀ, ಇದೀನಿ, ಎಲ್ಲರ ಹಿತ್ತಲೂ ಅಗೀಬೇಕು ಅಂತಲೇ ಹೇಳ್ತೀನಿ, ಮೊದಲು ನಿಮ್ಮದು, ಮತ್ತೆ ಇವತ್ತು ಸಾಯಂಕಾಲದೊಳಗೆ ಆ ಬೋರ್ಡಲ್ಲಿ ಸೀಸ ಅಂತ ಬರೆಸಿ, ಇಲ್ಲಾಂದ್ರೆ ನಾನೇ ಬಣ್ಣದ ಡಬ್ಬ ಹಿಡ್ಕೊಂಡು ಬಂದು ನಿಮ್ಮ ಹೂವಿನ ಮೂತಿ ಮೇಲೇ ಬರೀತೀನಿ. ಇಡೀ ಕೋಣೆ ನನ್ನನ್ನೇ ನೋಡುತ್ತಿದೆ, ಮೂಗು ಸೋರುವ ಮಕ್ಕಳು, ಅವರ ಅಪ್ಪಂದಿರು, ಕೌಂಟರಿನ ಹುಡುಗಿಗೂ ಕೊನೆಗೆ ಒಂದು ಕಂಡಿತು, ಫೋನು ಇಡಲು ಚೀಲದ ಬಾಯಿ ಸಿಗುತ್ತಿಲ್ಲ. ಮಗಳು ಕೊಡೆ ತೆಗೆದು ಕಾಲ ಬುಡದಲ್ಲಿ ಇಟ್ಟಳು, ಆಮೇಲೆ ಬಾಟಲಿ, ಆಮೇಲೆ ಚೀಲ. ಅಷ್ಟೇ. ನಾನು ಎದ್ದು ಹೋಗಿ ಪಕ್ಕದಲ್ಲಿ ಕೂತೆ, ಮಂಡಿ ಕಟಕ್ಕೆಂದಿತು, ಪುಟ್ಟಿಯ ಬೆಚ್ಚಗಿನ ಪಾದ ನನ್ನ ತೋಳಿಗೆ ತಗುಲಿತು, ಹಾಗೇ ಕೂತಿರಬಹುದಿತ್ತು, ನರ್ಸ್ ಬಾಗಿಲು ತೆರೆದು ಬನ್ನಿ ಅಂದಳು.

ಡಾಕ್ಟರ ಮೇಜಿನ ಮೇಲೆ ಕಾಗದ, ಈ ಸಲ ತಿರುಗಿಸಲಿಲ್ಲ, ಬೆರಳಿನಿಂದ ಒತ್ತಿ ಹಿಡಿದಿದ್ದಾರೆ. ಇಳೀಬೇಕಿತ್ತು, ಅಂದರು. ಇಳಿದಿಲ್ವಾ ಡಾಕ್ಟ್ರೇ, ಅಂದಳು ಮಗಳು. ಏರಿದೆ. ಸುಮ್ನೆ ಏರಲ್ಲ ಅದು, ಇನ್ನೂ ಎಲ್ಲಿಂದಲೋ ಒಳಗೆ ಹೋಗ್ತಿದೆ, ಹಿತ್ತಲಿಗೆ ಬಿಡ್ತಿದೀರಾ. ಇಲ್ಲ ಡಾಕ್ಟ್ರೇ, ದೇವರಾಣೆ ಇಲ್ಲ, ಒಂದು ತಿಂಗಳಿಂದ ಕೆಳಗೇ ಇಳಿಸಿಲ್ಲ. ಹಾಗಾದ್ರೆ ಇಡೀ ದಿನ ಎಲ್ಲಿರ್ತಾಳೆ. ಮೇಲೇ, ಕೋಣೇಲಿ, ಬೇಜಾರಾದ್ರೆ ಬಾಲ್ಕನೀಲಿ. ಬಾಲ್ಕನಿಯಲ್ಲಿ ಏನಿದೆ. ಏನಿಲ್ಲ ಡಾಕ್ಟ್ರೇ, ಖಾಲಿ, ಅಲ್ಲಿ ನಿಂತು ಪಕ್ಕದ ಓಣಿ ನೋಡ್ತಿರ್ತಾಳೆ. ಕಂಬಿ ಸಂದಿ ಅಗಲ ಇದೆ ಸಾರ್, ಅಂದ ಅಳಿಯ ಬಾಗಿಲಲ್ಲಿ ನಿಂತುಕೊಂಡೇ, ಮಗು ತಲೆ ತೂರುವಷ್ಟು ಅಗಲ, ಭಯ ಅಂತ ನಾನು ಬಲೆ ಕಟ್ಟಿದೀನಿ. ಯಾವ ಬಲೆ — ಯಾರು ಕೇಳಿದ್ದು, ನಾನೇ, ನನ್ನದೇ ದನಿ. ಅವನು ನನ್ನ ಕಡೆ ತಿರುಗಿದ, ಅವನ ಮುಖದಲ್ಲಿ ಇನ್ನೂ ಏನೂ ಆಗಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳುವ ಒಳ್ಳೆಯವನ ಮುಖ. ಅದೇ ಬಲೆ ಅತ್ತೆ, ನೀವು ತೆಗಿ ಅಂದ್ರಲ್ಲ, ತೆಗೆದು ಬಾಲ್ಕನೀಲೇ ಚೆನ್ನಾಗಿ ಜಾಡಿಸಿ — ಅಂದ, ಅಂದವನು ಅಲ್ಲಿಗೆ ನಿಂತ, ಬಾಯಿ ತೆರೆದೇ ಇತ್ತು, ಮಗಳು ಅವನನ್ನು ನೋಡುತ್ತಿದ್ದಾಳೆ, ಡಾಕ್ಟರು ಬರೆಯುವುದನ್ನು ನಿಲ್ಲಿಸಿದ್ದಾರೆ, ಬಾಲ್ಕನೀಲೇ ಜಾಡಿಸಿ, ಆ ಧೂಳು, ಆ ಗಂಟುಗಳೊಳಗಿನ ಬೂದು ಮಣ್ಣು, ದುಡುದುಡು ಓಡಿ ಹೋಗಿ ಆಮೇಲೆ ನಿಶ್ಶಬ್ದ, ನಾನು ಕೆಳಗೆ ಕೂತು ಕೇಳುತ್ತಿದ್ದ ನಿಶ್ಶಬ್ದ, ನಾನು ಕಾಲಿಡದ ಆ ಓಣಿ ನೋಡುತ್ತ, ಎದೆಯೊತ್ತಿ, ಮೊದಲು ಬೆರಳು, ಆಮೇಲೆ ತುಟಿ, ಆಮೇಲೆ ಹೊಸದಾಗಿ ಬರುತ್ತಿರುವ ಹಲ್ಲು, ಕಿತ್ತಳೆ ದಾರ ಕಚ್ಚಿಕೊಂಡು, ಬಲೆಯ ಕಣ್ಣಿನಲ್ಲಿ ಬೆರಳು, ಕಿತ್ತಳೆ ಕಣ್ಣು, ಅದರೊಳಗೆ ಬೆರಳು, ಬೆರಳು,